ಪಂಡಿತಾ ರಮಾಬಾಯಿಯವರೂ ನಿರ್ಗತಿಕರ ಮನೆಯೂ

ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ದ ನಮ್ಮ ಸಭೆಗಳವರಿಗೆಲ್ಲಾ ಒಂದು ಸಂಗತಿ ಚೆನ್ನಾಗಿ ಗೊತ್ತಿದೆ. ಚಿಪ್ಪಿನ ಅಂದವನ್ನು ಕಂಡು ಉಂಡೆ ಕೊಬ್ಬರಿಗೆ ಬೆಲೆ ಕಟ್ಟುವ ವರ್ತಕನು ಎಲ್ಲಿಯೂ ಇಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆಯು ಶುಚಿಯಾಗಿದೆಯೋ, ಬೂಷ್ಟು ಹಿಡಿದಿದೆಯೋ ಎಂದು ಕಣ್ಣಾರೆ ನೋಡಿದ ಮೇಲೆಯೇ ಬೆಲೆಯ ಮಾತು. ಮನುಷ್ಯರನ್ನು ಇರಿಸಿಕೊಂಡು ಪರಾಮರಿಸುವ ಮನೆಗಳ ವಿಷಯದಲ್ಲಾದರೋ ನಾವು ಇಷ್ಟು ಎಚ್ಚರಿಕೆಯನ್ನು ತೋರಿಸುವದಿಲ್ಲ. ವೃದ್ಧಾಶ್ರಮವಾಗಲಿ, ನರ್ಸಿಂಗ್ ಹೋಮ್ ಆಗಲಿ, ಅನಾಥಾಲಯವಾಗಲಿ, ಬಾಗಿಲ ಮೇಲೆ ಧರ್ಮದ ಹೆಸರೊಂದು ಬರೆದಿದ್ದರೆ ಸಾಕು, ನಮ್ಮವರನ್ನು ಒಳಗೆ ಬಿಟ್ಟು ನೆಮ್ಮದಿಯಿಂದ ಹಿಂದಿರುಗುತ್ತೇವೆ. ಇಂಥ ಮನೆಗಳು ಹೇಗಿರಬೇಕು, ಅವುಗಳನ್ನು ಹೇಗೆ ನೋಡಬೇಕು ಎಂಬದನ್ನು ತನ್ನ ಜೀವಮಾನದಿಂದಲೇ ಕಲಿಸಿದ ಒಬ್ಬ ಮಹಾಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ನಮ್ಮ ಪ್ರಿಯ ವಾಚಕರ ಮುಂದೆ ಇಡುತ್ತೇವೆ. ಆಕೆಯೇ ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರು ಪರದೇಶದವರಲ್ಲ, ನಮ್ಮ ಕನ್ನಡ ನಾಡಿನ ಮಡಿಲಲ್ಲಿಯೇ ಹುಟ್ಟಿದವರು. ಕಾರ್ಕಳದ ಸಮೀಪದಲ್ಲಿರುವ ಮಾಳ ಎಂಬ ಊರಿನ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರಾಗಿದ್ದರು. ಹೆಂಗಸರು ಓದಬಾರದೆಂದು ಎಲ್ಲರೂ ಹೇಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಜನರ ವಿರೋಧವು ಹೆಚ್ಚಾಗಲು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಮನೆ ಕಟ್ಟಿಕೊಂಡು ವಾಸಮಾಡಿದರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಲ್ಲಿ ರಮಾ ಹುಟ್ಟಿದಳು. ಬಂದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಇಲ್ಲವೆನ್ನದೆ ಅನ್ನವಿಕ್ಕಿದ ಕಾರಣ ಶಾಸ್ತ್ರಿಗಳ ಸೊತ್ತೆಲ್ಲಾ ಕರಗಿಹೋಯಿತು. ಮಗುವಿಗೆ ಇನ್ನೂ ನಡೆಯಲು ಬಾರದಿರುವಾಗಲೇ ಕುಟುಂಬವು ಕಾಡನ್ನು ಬಿಟ್ಟು, ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಅಲೆಯತೊಡಗಿತು. ದಾರಿಯೇ ಮನೆ, ತಾಯಿಯೇ ಗುರು ಎಂಬಂತೆ ರಮಾ ಬೆಳೆದು, ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು.

ಆ ಮೇಲೆ ಕ್ಷಾಮವು ಬಂತು. 1874ರಲ್ಲಿ ತಂದೆಯು ಹಸಿವಿನಿಂದಲೂ ರೋಗದಿಂದಲೂ ತೀರಿಹೋದರು. ಕೆಲವು ವಾರಗಳಲ್ಲಿ ತಾಯಿಯೂ ಮರಣಾವಸ್ಥೆಗೆ ಬಂದಳು. ತಾಯಿಗಾಗಿ ಒಂದು ತುಂಡು ರೊಟ್ಟಿಯನ್ನು ಬೇಡಲು ಹೋದ ಆ ಹದಿನಾರು ವರುಷದ ಹುಡುಗಿಗೆ ಬಾಯಿಂದ ಮಾತು ಹೊರಡದೆ ಕಣ್ಣೀರೇ ಬಂತು. ರೊಟ್ಟಿಯೇನೋ ಸಿಕ್ಕಿತು, ಆದರೆ ತಾಯಿಯು ಅದನ್ನು ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಶವವನ್ನು ಹೊರುವದಕ್ಕೆ ಜನರು ಸಾಲದೆ ಹೋದದ್ದರಿಂದ ನಾಲ್ಕನೆಯವಳಾಗಿ ಮಗಳೇ ಹೆಗಲು ಕೊಡಬೇಕಾಯಿತು. ಆಕೆಯು ಕುಳ್ಳಗಿದ್ದದರಿಂದ ಹೆಗಲಿಗೆ ಎಟುಕದೆ ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತಳು. ಅಕ್ಕನೂ ಕ್ಷಾಮದ ತರುವಾಯ ಸತ್ತಳು. ನೋಡುವವರಿಲ್ಲದೆ ಸಾಯುವದು ಎಂಥದೆಂದು ರಮಾಬಾಯಿಯವರು ಪುಸ್ತಕದಿಂದ ಕಲಿತವರಲ್ಲ.

ಉಳಿದ ಅಣ್ಣ ತಂಗಿಯರು ಕಾಲ್ನಡೆಯಲ್ಲಿ ಹಿಂದೂದೇಶವನ್ನೆಲ್ಲಾ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಈ ಯುವತಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಆಕೆಯು ಬೇರೆ ಜಾತಿಯವರಾದ ವಕೀಲ ಬಿಪಿನ್ ಬಿಹಾರಿ ಮೇಧವಿಯವರನ್ನು ಮದುವೆಯಾದರು. ಮನೋರಮಾ ಎಂಬ ಮಗಳು ಹುಟ್ಟಿದ ಸ್ವಲ್ಪ ಕಾಲಕ್ಕೆ, 1882ರ ಫೆಬ್ರವರಿಯಲ್ಲಿ, ಗಂಡನೂ ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತನಾಲ್ಕು ವರುಷ ತುಂಬುವದಕ್ಕೆ ಮುಂಚೆಯೇ ವಿಧವೆಯಾದ ರಮಾಬಾಯಿಯವರು ಕೂಸನ್ನೆತ್ತಿಕೊಂಡು ಪುಣೆಗೆ ಬಂದರು. ಆ ವರುಷ ಸರಕಾರದ ವಿದ್ಯಾ ಆಯೋಗದ ಮುಂದೆ ಸಾಕ್ಷಿ ಹೇಳುವಾಗ, ಈ ದೇಶದ ಹೆಂಗಸರಿಗೆ ಹೆಂಗಸು ವೈದ್ಯರೇ ಬೇಕೆಂದು ವಾದಿಸಿದರು. ತಮ್ಮ ರೋಗವನ್ನು ಗಂಡಸರ ಮುಂದೆ ಹೇಳಿಕೊಳ್ಳಲಾರದೆ ಎಷ್ಟೋ ಸ್ತ್ರೀಯರು ಸಾಯುತ್ತಾರೆಂಬದು ಆಕೆಯ ದುಃಖವಾಗಿತ್ತು. ಮಾನವನ್ನು ಕಾಪಾಡದ ಚಿಕಿತ್ಸೆಯು ಪೂರ್ಣವಾದ ಚಿಕಿತ್ಸೆಯಲ್ಲವೆಂಬದನ್ನು ಆಕೆಯು ಅಂದೇ ಕಂಡುಕೊಂಡಿದ್ದರು.

ತಾನೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾಗುತ್ತಾ ಬಂದ ಕಾರಣ ಆ ಆಸೆಯು ನೆರವೇರಲಿಲ್ಲ. ದೇವರು ಆಕೆಗೆ ಬೇರೊಂದು ಪಾಠವನ್ನು ಇಟ್ಟಿದ್ದನು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಲಂಡನಿನ ಫುಲ್ಹಾಮಿನಲ್ಲಿ ನಡಿಸುತ್ತಿದ್ದ ಒಂದು ಮನೆಯನ್ನು ಆಕೆಗೆ ತೋರಿಸಿದರು. ಲೋಕವು ಕೆಟ್ಟವರೆಂದು ತಳ್ಳಿಬಿಟ್ಟ ಸ್ತ್ರೀಯರು ಅಲ್ಲಿದ್ದರು. ಅವರನ್ನು ಯಾರೂ ಹಂಗಿಸುತ್ತಿರಲಿಲ್ಲ, ಮನೆಮಕ್ಕಳಂತೆ ಪ್ರೀತಿಯಿಂದ ನಡಿಸುತ್ತಿದ್ದರು. ಇದಕ್ಕೆ ಕಾರಣವೇನೆಂದು ಆಕೆಯು ವಿಚಾರಿಸಲಾಗಿ, ಕರ್ತನಾದ ಯೇಸು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿಯಲ್ಲಿ ಮಾತಾಡಿದ ವೃತ್ತಾಂತವನ್ನು ತಿಳಿಸಿದರು. ಬಹಳ ತರ್ಕಗಳಿಂದ ಕರಗದ ಹೃದಯವು ಒಂದು ಒಳ್ಳೇ ಮನೆಯ ನಡವಳಿಕೆಯಿಂದ ಕರಗಿತು. ಅದೇ ವರುಷ ಸೆಪ್ಟೆಂಬರ್ 29ರಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು. ನಮ್ಮ ಸಭೆಯವರು ನಡಿಸುವ ಮನೆಗಳು ಹೇಗಿವೆಯೆಂದು ಹೊರಗಿನವರು ನೋಡುತ್ತಾರೆಂಬದನ್ನು ಇಲ್ಲಿ ಜ್ಞಾಪಕದಲ್ಲಿಡೋಣ. ಅಂಥ ಮನೆಯು ಮಾತಿಲ್ಲದ ಪ್ರಸಂಗವಾಗಿರುವದು.

1886ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋಗಿ ಈ ದೇಶದ ಬಾಲವಿಧವೆಯರ ದುಃಖವನ್ನು ಅಲ್ಲಿಯವರಿಗೆ ತಿಳಿಸಿದರು. ಬೋಸ್ಟನ್ ಪಟ್ಟಣದ ಸಜ್ಜನರು ಸಂಘವೊಂದನ್ನು ಕಟ್ಟಿ ಹತ್ತು ವರುಷ ಹಣ ಕಳುಹಿಸುವೆವೆಂದು ಮಾತು ಕೊಟ್ಟರು. ಆ ನೆರವಿನಿಂದ 1889ರ ಮಾರ್ಚ್ 11ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವು ಆರಂಭವಾಯಿತು, ಮರುವರುಷ ಅದು ಪುಣೆಗೆ ಬಂತು. ವಿಧವೆಯರು ತಮ್ಮ ತಮ್ಮ ಜಾತಿಯ ಆಚಾರದಂತೆ ಇರುವದಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ. ಆದರೂ ಕೆಲವು ಹುಡುಗಿಯರು ಆಕೆಯ ಪ್ರಾರ್ಥನೆಯಲ್ಲಿ ಕೂಡಿಕೊಳ್ಳುತ್ತಾರೆಂದು ತಿಳಿದಾಗ ದೊಡ್ಡ ಗಲಭೆಯಾಯಿತು. ಮತದಲ್ಲಿ ಕೈಹಾಕುವದಿಲ್ಲವೆಂಬ ಮಾತಿಗೆ ಭಂಗ ಬಂತೆಂದು ಹೇಳಿ ರಾನಡೆ, ಭಾಂಡಾರಕರ ಮುಂತಾದ ಗಣ್ಯರು 1893ರಲ್ಲಿ ಸಲಹಾಮಂಡಲಿಯನ್ನು ಬಿಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಹಣ ಕೊಡುತ್ತಿದ್ದ ಅಮೇರಿಕದ ಸಂಘವಾದರೋ ಕಾಗದದ ಮೇಲಿನ ಮಾತಿನಿಂದಲೇ ತೀರ್ಪು ಮಾಡಲಿಲ್ಲ. ಅದರ ಕಾರ್ಯಮಂಡಲಿಯ ಆಂಡ್ರೂಸ್ ಅಮ್ಮನವರು ಸಮುದ್ರ ದಾಟಿ ಬಂದು ಸದನವನ್ನು ಕಣ್ಣಾರೆ ನೋಡಿದರು. ಸಂಘದ ನೆರವು ನಿಲ್ಲಲಿಲ್ಲ.

ಹೋಗಿ ನೋಡುವ ಈ ಗುಣವು ರಮಾಬಾಯಿಯವರಲ್ಲಿ ಇನ್ನೂ ಹೆಚ್ಚಾಗಿತ್ತು. 1895ರಲ್ಲಿ ಬೃಂದಾವನದ ವಿಧವೆಯರ ಗತಿಯೇನೆಂದು ತಿಳಿಯುವದಕ್ಕೆ ಬಡ ಯಾತ್ರಿಕಳ ವೇಷದಲ್ಲಿ ಹೋದರು. ಪಂಡಿತೆಯಾಗಿ ಹೋಗಿದ್ದರೆ ಗುಡಿಸಿ ಸಾರಿಸಿದ ಅಂಗಳವನ್ನು ಮಾತ್ರ ತೋರಿಸುತ್ತಿದ್ದರು, ಬಡವಳಾಗಿ ಹೋದ ಕಾರಣ ಇದ್ದದ್ದು ಇದ್ದ ಹಾಗೆ ಕಾಣಿಸಿತು. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿದ್ದಿತೆಂದು ಕೇಳಿ ಅಲ್ಲಿಗೂ ಹೊರಟರು. ಸರಕಾರದವರು ಬಡವರಿಗಾಗಿ ತೆರೆದ ಆಶ್ರಯಮನೆಗಳಲ್ಲಿ ನಿರಾಶ್ರಿತರನ್ನು ತುಂಬಿದ್ದರು. ಅನ್ನವು ಬರುತ್ತಿತ್ತು, ಲೆಕ್ಕವನ್ನೂ ಬರೆಯುತ್ತಿದ್ದರು. ಆದರೆ ಎಳೆಯ ಹುಡುಗಿಯರು ದುಷ್ಟರ ಕೈಗೆ ಸಿಕ್ಕದಂತೆ ಕಾಯುವವರು ಇರಲಿಲ್ಲವೆಂಬದನ್ನು ಆಕೆಯು ಕಂಡರು. ತನ್ನ ಹದಿನಾರನೆಯ ವರುಷದ ಹಸಿವನ್ನು ನೆನೆದು ಅಂಥ ಹುಡುಗಿಯರನ್ನು ಕರೆತರಲಾರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ ಅವರ ಸಂಖ್ಯೆಯು ಸುಮಾರು 300ಕ್ಕೆ ಏರಿತು.

ಅಷ್ಟರಲ್ಲಿ ಪುಣೆಗೆ ಪ್ಲೇಗು ಬಂತು. 1897ರಲ್ಲಿ ಅಧಿಕಾರಿಗಳು ಮನೆಮನೆಯನ್ನು ಹುಡುಕಿ, ರೋಗಿಗಳನ್ನು ಆಸ್ಪತ್ರೆಗೂ ಸಂಗಡ ಇದ್ದವರನ್ನು ಬೇರೆ ಶಿಬಿರಗಳಿಗೂ ಸಾಗಿಸಿದರು. ರೋಗವು ಹರಡದಂತೆ ತಡೆಯುವದು ಬೇಕಾದ ಕೆಲಸವೇ ಸರಿ. ಆದರೆ ರೋಗಿಯನ್ನು ಅಟ್ಟಿದ ಸ್ಥಳದಲ್ಲಿ ಆಕೆಗೆ ಏನಾಗುತ್ತದೆಂದು ವಿಚಾರಿಸುವವರು ಯಾರು? ರಮಾಬಾಯಿಯವರ ಆಶ್ರಯದಲ್ಲಿದ್ದ ಹುಡುಗಿಯೊಬ್ಬಳನ್ನೂ ಹಾಗೆಯೇ ಒಯ್ದರು. ಆ ಹುಡುಗಿ ಮರಳಿ ಬರಲಿಲ್ಲ. ಅಲ್ಲಿ ಕಾವಲಿಗಿದ್ದವನ ವಶವಾದಳೆಂಬ ಸಂಗತಿಯು ರಮಾಬಾಯಿಯವರಿಗೆ ತಿಳಿಯಬಂತು. ಕಾಯಬೇಕಾದವನೇ ಕೆಡಿಸಿದರೆ ಬೇಲಿಯೇ ಎದ್ದು ಹೊಲ ಮೇದಂತಾಯಿತಲ್ಲವೇ? ನೂರಾರು ಹುಡುಗಿಯರಿರುವಾಗ ಒಬ್ಬಳ ಮಾತನ್ನೆತ್ತಿ ಸರಕಾರವನ್ನು ಎದುರು ಹಾಕಿಕೊಳ್ಳುವದೇಕೆಂದು ಬೇರೆಯವರಾದರೆ ಸುಮ್ಮನಿರುತ್ತಿದ್ದರು. ಆಕೆಯು ಬಾಂಬೇ ಗಾರ್ಡಿಯನ್ ಎಂಬ ಕ್ರೈಸ್ತ ಪತ್ರಿಕೆಗೆ ತನ್ನ ಹೆಸರು ಹಾಕಿಯೇ ಬರೆದರು. ಆ ಆಸ್ಪತ್ರೆಯಲ್ಲಿ ಹೆಂಗಸರ ಮಾನಕ್ಕೆ ತಕ್ಕ ರಕ್ಷಣೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದರು.

ಆ ಮಾತು ಇಂಗ್ಲೆಂಡಿನ ಪಾರ್ಲಿಮೆಂಟಿನ ವರೆಗೂ ಮುಟ್ಟಿತು. ಬೊಂಬಾಯಿಯ ಗವರ್ನರರಾದ ಸ್ಯಾಂಡ್‌ಹರ್ಸ್ಟ್ ಪ್ರಭುಗಳು ಆಕೆಯ ಹೇಳಿಕೆಯು ನಿಜಕ್ಕೆ ದೂರವಾದದ್ದೆಂದು ತಳ್ಳಿಹಾಕಿದರು. ದೊಡ್ಡವರು ಅಲ್ಲಗಳೆದರೆಂದು ಆಕೆಯು ಅಂಜಿ ಹಿಂದೆಗೆಯಲಿಲ್ಲ. ಇಲ್ಲಿ ನಾವು ನಿಂತು ಯೋಚಿಸತಕ್ಕದ್ದು ಬಹಳವುಂಟು. ನಿರ್ಗತಿಕರ ಮನೆಯಲ್ಲಿ ತಪ್ಪು ನಡೆದಾಗ ಅದರ ಗೋಡೆಯ ಒಳಗಿರುವವರು ಮಾತಾಡಲಾರರು. ಯಾಕಂದರೆ ಇಂದು ದೂರು ಹೇಳಿದವರಿಗೆ ರಾತ್ರಿಯ ಅನ್ನವನ್ನು ಬಡಿಸುವವರು ಅದೇ ಕೈಯವರು. ಹೊರಗಿರುವವರು ಮಾತಾಡದಿದ್ದರೆ ಆ ತಪ್ಪು ಮನೆಯ ಪದ್ಧತಿಯಾಗಿ ಬೇರೂರುವದು. ಸಂಸ್ಥೆಯ ಹೆಸರು ಕೆಡುವದೆಂದು ಮುಚ್ಚಿಡುವ ಪ್ರತಿಯೊಂದು ಸಂಗತಿಯ ಅಡಿಯಲ್ಲಿ ಒಬ್ಬ ದುರ್ಬಲನ ದೇಹವು ನಲುಗುತ್ತಿರುವದು.

ರಮಾಬಾಯಿಯವರು ಬೇರೆಯವರ ಮನೆಯ ದೋಷವನ್ನು ಹೇಳಿ ಸುಮ್ಮನಾದವರಲ್ಲ. ಒಳ್ಳೇ ಮನೆಯು ಹೇಗಿರಬೇಕೆಂದು ಕಟ್ಟಿಯೂ ತೋರಿಸಿದರು. ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಎಂಬ ಹಳ್ಳಿಯುಂಟು. ಅಲ್ಲಿ ಆಕೆಯು ಸುಮಾರು 100 ಎಕರೆ ಭೂಮಿಯನ್ನು ಕೊಂಡಿದ್ದರು. ಪ್ಲೇಗಿನ ಕಾಲದಲ್ಲಿ ಹುಡುಗಿಯರನ್ನು ಆ ಬಯಲಿಗೆ ಸಾಗಿಸಿ, ಬಾವಿ ತೋಡಿಸಿ, ಮನೆಗಳನ್ನು ಕಟ್ಟಿಸಿ, ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರಲ್ಲಿ ಗುಜರಾತಿಗೆ ಕ್ಷಾಮ ಬಂದ ಮೇಲೆ ಅಲ್ಲಿದ್ದವರು ಸುಮಾರು 2000 ಮಂದಿಯಾದರು.

ಇಷ್ಟು ಜನರನ್ನು ಒಂದೇ ಮಂದೆಯಾಗಿ ಕೂಡಿ ಹಾಕಿದ್ದರೆ ಅದೂ ಒಂದು ದೊಡ್ಡ ಆಶ್ರಯಮನೆಯಾಗುತ್ತಿತ್ತು. ಆಕೆಯು ಹಾಗೆ ಮಾಡಲಿಲ್ಲ. ಒಬ್ಬೊಬ್ಬರ ಕೊರತೆಯನ್ನು ನೋಡಿ ಬೇರೆ ಬೇರೆ ಮನೆಗಳನ್ನು ಏರ್ಪಡಿಸಿದರು. ಕೆಟ್ಟ ಬಾಳಿನಿಂದ ಬಿಡಿಸಿ ತಂದವರಿಗೆ ಕೃಪಾ ಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನ, ಕುರುಡರಿಗೆ ಬಾರ್ತಿಮಾಯನ ಹೆಸರಿನ ಸದನ. ಹುಡುಗಿಯರನ್ನು ಗುಂಪುಗಳಾಗಿ ಮಾಡಿ ಪ್ರತಿ ಗುಂಪಿಗೂ ತಾಯಿಯಂತೆ ನೋಡಿಕೊಳ್ಳುವ ಹೆಂಗಸನ್ನು ನೇಮಿಸಿದರು. ಮನೋರಮಾಬಾಯಿ ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಅಕ್ಷರಗಳನ್ನು ಕಲಿಸುವ ಕೆಲಸವನ್ನು ಕೈಕೊಂಡರು. ನೇಯ್ಗೆ, ಹೊಲಿಗೆ, ಹೈನು, ಎಣ್ಣೆಯ ಗಾಣ, ತೋಟಗಾರಿಕೆ, ಅಚ್ಚುಕೂಟ ಎಂದು ಅವರವರ ಶಕ್ತಿಗೆ ತಕ್ಕ ಕೆಲಸವನ್ನು ಕೊಟ್ಟರು. ಭಿಕ್ಷೆಯ ಅನ್ನವನ್ನು ತಿನ್ನುತ್ತೇನೆಂಬ ನಾಚಿಕೆಯು ಯಾರನ್ನೂ ಬಾಧಿಸದಂತೆ ಮಾಡಿದ್ದು ಅನ್ನ ಕೊಟ್ಟದ್ದಕ್ಕಿಂತ ಕಡಿಮೆಯ ಕೆಲಸವಲ್ಲ. ಆಕೆಯು ತಾನೂ ಅದೇ ಆವರಣದಲ್ಲಿ ಸಾದಾ ಬಿಳಿ ಸೀರೆಯುಟ್ಟು ಬಾಳಿದರು.

ಹುಟ್ಟಿದ ನಾಡಿನ ಭಾಷೆಯವರನ್ನು ಆಕೆಯು ಮರೆಯಲಿಲ್ಲ. ಮಗಳ ಸಹಾಯದಿಂದ ಕಲಬುರಗಿಯಲ್ಲಿಯೂ ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಶಾಲೆಯೊಂದನ್ನು ತೆರೆದರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಹಿಂದೆ ಆಕೆಯ ಮಾತನ್ನು ತಳ್ಳಿಹಾಕಿದ್ದೂ ಅದೇ ಸರಕಾರವೇ. 1921ರಲ್ಲಿ ಮನೋರಮಾ ತಾಯಿಗಿಂತ ಮುಂಚೆಯೇ ತೀರಿಹೋದರು. ಆ ದುಃಖದಲ್ಲಿಯೂ ರಮಾಬಾಯಿಯವರು ತಾನು ಮೂಲಭಾಷೆಗಳಿಂದ ಮಾಡುತ್ತಿದ್ದ ಮರಾಠಿ ಸತ್ಯವೇದದ ಭಾಷಾಂತರವನ್ನು ಮುಗಿಸಿ, 1922ನೆಯ ಇಸವಿ ಏಪ್ರಿಲ್ 5ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಆಕೆಯು ಸತ್ತು ನೂರು ವರುಷ ಕಳೆದರೂ ಕೇಡಗಾಂವಿನ ಮುಕ್ತಿ ಮನೆಯು ಇಂದಿಗೂ ನಡೆಯುತ್ತಿದೆ.

ಪ್ರಿಯ ವಾಚಕರೇ, ಒಳ್ಳೇ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಗಾಯಗೊಂಡವನನ್ನು ಆತನು ಚತ್ರಕ್ಕೆ ಸೇರಿಸಿ ಹಣ ಕೊಟ್ಟದ್ದನ್ನು ಬಹಳ ಸಾರಿ ಪ್ರಸಂಗಿಸುತ್ತೇವೆ. ಆದರೆ ಆತನು ಹಣ ಕೊಟ್ಟು ಹೋಗಿಬಿಡಲಿಲ್ಲ. ತಾನು ತಿರಿಗಿ ಬರುವದಾಗಿಯೂ ಹೆಚ್ಚಿಗೆ ಖರ್ಚಾದದ್ದನ್ನು ಆಗ ಕೊಡುವದಾಗಿಯೂ ಚತ್ರದವನಿಗೆ ತಿಳಿಸಿಯೇ ಹೋದನು. ಕೊಡುವ ಹಣವು ಅರ್ಧ ಪರಾಮರಿಕೆ, ಹಿಂದಿರುಗಿ ಬರುವದು ಉಳಿದ ಅರ್ಧ. ಯಾರಾದರೂ ಬಂದು ನೋಡುವರೆಂದು ಗೊತ್ತಿರುವ ಮನೆಯಲ್ಲಿ ರೋಗಿಯ ಹಾಸಿಗೆಯು ಬದಲಾಗುವದು, ಯಾರೂ ಬಾರದ ಮನೆಯಲ್ಲಿ ಒದ್ದೆಯಾಗಿಯೇ ಇರುವದು.

ಈ ಮಾತು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೂ ಸಲ್ಲುವದು. ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ, ತೆಂಗಿನ ತೋಟದ ಮನೆಯಲ್ಲಿ ವೃದ್ಧರಿಬ್ಬರೇ ಉಳಿದಿರುವದು ಈಗ ಅಪರೂಪವಲ್ಲ. ಅವರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಆಶ್ರಮಕ್ಕೋ ನರ್ಸಿಂಗ್ ಹೋಮಿಗೋ ಸೇರಿಸಬೇಕಾದೀತು. ಅದು ಪಾಪವೆಂದು ನಾವು ಹೇಳುವದಿಲ್ಲ. ಸೇರಿಸಿ ಮರೆಯುವದೇ ಪಾಪ. ಸೇರಿಸುವದಕ್ಕೆ ಮುಂಚೆ ತಿಳಿಸದೆ ಒಂದು ಸಾರಿ ಹೋಗಿ ನೋಡಿರಿ. ರಾತ್ರಿಯಲ್ಲಿ ಎದ್ದು ನೋಡುವವರು ಎಷ್ಟು ಮಂದಿ? ಹೆಂಗಸರನ್ನು ಶುಚಿಮಾಡುವದಕ್ಕೆ ಹೆಂಗಸರೇ ಇದ್ದಾರೋ? ಬಚ್ಚಲಿನಲ್ಲಿ ಜಾರದಂತೆ ಹಿಡಿದುಕೊಳ್ಳಲು ಆಸರೆಯುಂಟೋ? ಬೆಂಕಿ ಬಿದ್ದರೆ ಹೊರಬರಲು ಎರಡನೆಯ ಬಾಗಿಲುಂಟೋ, ಅದಕ್ಕೆ ಬೀಗ ಜಡಿದಿದ್ದಾರೋ? ಕೊಟ್ಟ ಔಷಧವನ್ನು ಆಗಾಗಲೇ ಬರೆದಿಡುತ್ತಾರೋ? ಸೇರಿಸಿದ ಮೇಲೆ ಹೋದಾಗ ಕೈ ಹಿಡಿದು ಮಾತಾಡಿಸಿದ್ದರಿಂದಲೇ ತೃಪ್ತರಾಗದೆ ಬೆನ್ನನ್ನೂ ಹಿಮ್ಮಡಿಯನ್ನೂ ನೋಡಿರಿ. ಹೊರಳಲಾರದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಾಯಿಸಿ ಮಲಗಿಸದಿದ್ದರೆ ಒತ್ತಡದಿಂದ ಹುಣ್ಣಾಗುವದು, ಹೊದಿಕೆಯು ಅದನ್ನು ಮುಚ್ಚಿಡುವದು. ತುಟಿ ಒಣಗಿದೆಯೋ, ನೀರಿನ ಲೋಟವು ಕೈಗೆಟುಕುವಂತಿದೆಯೋ ಎಂದೂ ನೋಡಿರಿ. ಮನೆಯವರು ಎದುರಿಗಿಲ್ಲದಾಗ ಕೆಲವು ನಿಮಿಷ ಒಂಟಿಯಾಗಿ ಮಾತಾಡುವದಕ್ಕೆ ಬಿಡದ ಮನೆಯನ್ನು ನಂಬಬೇಡಿರಿ.

ರಮಾಬಾಯಿಯವರ ಕಾಲದಲ್ಲಿ ಇಲ್ಲದ ಆಸರೆಯೊಂದು ಈಗ ನಮಗುಂಟು. ಅದು ಕಾನೂನು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳೂ ನರ್ಸಿಂಗ್ ಹೋಮುಗಳೂ 2007ರ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು. ನೋಂದಣಿ ಪತ್ರವನ್ನು ತೋರಿಸೆಂದು ಕೇಳುವದು ಒರಟುತನವಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ 2007ರಲ್ಲಿಯೇ ಆಯಿತು. ಮಕ್ಕಳು ನೋಡಿಕೊಳ್ಳದಿದ್ದರೆ ವೃದ್ಧರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ನಮ್ಮ ಮೂರು ತಾಲ್ಲೂಕುಗಳಿಗೂ ಆ ಕಚೇರಿಯು ತಿಪಟೂರಿನಲ್ಲಿದೆ. ತೋಟವನ್ನು ಮಕ್ಕಳಿಗೆ ಬರೆದುಕೊಡುವವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿದರೆ, ಅದು ತಪ್ಪಿದಾಗ ಆ ಬರವಣಿಗೆಯನ್ನು ರದ್ದುಮಾಡಿಸಲು ಅದೇ ಕಾಯಿದೆಯಲ್ಲಿ ದಾರಿಯಿದೆ. ಹಿರಿಯರ ಕಷ್ಟವನ್ನು ಕೇಳುವದಕ್ಕೆ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಆದರೆ ಕಾನೂನು ತಾನಾಗಿ ಎದ್ದು ಬಂದು ಬಾಗಿಲು ತಟ್ಟುವದಿಲ್ಲ, ತಟ್ಟುವ ಕೈಯೊಂದು ಬೇಕು. ಆದಕಾರಣ ಪ್ರತಿಯೊಂದು ಸಭೆಯೂ ತನ್ನವರಲ್ಲಿ ಯಾರು ಯಾವ ಮನೆಯಲ್ಲಿ ಇದ್ದಾರೆಂದು ಪಟ್ಟಿ ಮಾಡಿ, ತಿಂಗಳಿಗೊಂದು ಸಾರಿಯಾದರೂ ಇಬ್ಬರನ್ನು ಕಳುಹಿಸಲಿ. ಆ ಇಬ್ಬರಲ್ಲಿ ಒಬ್ಬಳು ಹೆಂಗಸಾಗಿರಲಿ. ಅವರು ಪ್ರಾರ್ಥನೆ ಮಾಡಿ ಬರುವದು ಮಾತ್ರವಲ್ಲದೆ, ಕಂಡದ್ದನ್ನು ಸಭೆಯ ಹಿರಿಯರಿಗೆ ತಿಳಿಸಲಿ. ಒಳ್ಳೇದಿದ್ದರೆ ಅಲ್ಲಿ ದುಡಿಯುವವರನ್ನು ಹೆಸರು ಹಿಡಿದು ಹೊಗಳಲಿ, ಯಾಕಂದರೆ ಅವರ ಕೆಲಸವು ಕಷ್ಟದ್ದು, ಸಂಬಳವು ಸಣ್ಣದು. ತಪ್ಪಿದ್ದರೆ ಮೊದಲು ಮನೆಯ ಯಜಮಾನರಿಗೆ ಹೇಳಲಿ, ಅವರು ಕೇಳದಿದ್ದರೆ ಅಧಿಕಾರಿಗಳಿಗೆ ಹೇಳಲಿ. ಆ ಮನೆಯು ನಮ್ಮ ಸಭೆಯದೇ ಆಗಿದ್ದರೂ ಸುಮ್ಮನಿರಬಾರದು, ನಮ್ಮದಾಗಿದ್ದರಂತೂ ಸುಮ್ಮನಿರಲೇಬಾರದು.

ತಾಯಿಗೆ ಒಂದು ತುಂಡು ರೊಟ್ಟಿಯನ್ನು ಬೇಡಲು ಬಾಯಿ ಬಾರದೆ ನಿಂತ ಆ ಹುಡುಗಿಯು, ಮತ್ತೊಬ್ಬರ ಮಗಳಿಗಾಗಿ ಗವರ್ನರರ ಎದುರಿನಲ್ಲಿಯೂ ಮಾತಾಡುವ ಧೈರ್ಯವನ್ನು ಪಡೆದಳು. ಅದೇ ಧೈರ್ಯವನ್ನು ಕರ್ತನು ನಮ್ಮ ಹಳ್ಳಿಯ ಸಭೆಗಳಿಗೂ ಅನುಗ್ರಹಿಸಲಿ. ಹಾಸಿಗೆಯಲ್ಲಿ ಬಿದ್ದು ಬಾಗಿಲನ್ನೇ ನೋಡುತ್ತಿರುವ ನಮ್ಮ ಹಿರಿಯರ ಬಳಿಗೆ, ಬರುವೆವೆಂದು ಹೇಳಿದ ದಿನದಲ್ಲಿ ನಾವು ತಪ್ಪದೆ ಹೋಗುವವರಾಗೋಣ.